ಮಂಜುಗೆ, ಊರಿಗೆ ಬರುವ ಮಾತಿನ ಬಗ್ಗೆ

ದಾವಣಗೆರೆ

ಪ್ರೀತಿಯ ಮಂಜು,

ನಿನ್ನ ಪತ್ರದ ಉಳಿದ ವಿಷಯಕ್ಕೆ ಆಮೇಲೆ ಬರೆಯುತ್ತೇನೆ. ಒಂದು ಸಾಲು ಮಾತ್ರ ನಿದ್ದೆ ಕೆಡಿಸಿದೆ. "ದೊಡ್ಡಪ್ಪ, ಬದುವಿಗಾಗಿ ಕೊಲೆ ಆಗೋ ಊರಿಗೆ ಮಗಳನ್ನು ಹೇಗೆ ಕರ್ಕೊಂಡು ಬರಲಿ?" ಅಂತ ಕೇಳಿದ್ದೀಯ. ಲೆಕ್ಕವನ್ನೂ ಹಾಕಿದ್ದೀಯ. ಐದು ಸಾವಿರ ಜನ, ಈ ವರ್ಷ ಒಂದು ಕೊಲೆ, ಅಂದ್ರೆ ಲಕ್ಷಕ್ಕೆ 20. ಇಡೀ ದೇಶದ್ದು 2022ರಲ್ಲಿ ಲಕ್ಷಕ್ಕೆ 2.1.

ಲೆಕ್ಕ ಸರಿ. ಆದರೆ ಬರುವ ವರ್ಷ ಕೊಲೆ ಆಗದಿದ್ದರೆ ಅದೇ ಊರಿನದು ಸೊನ್ನೆ. ಅಷ್ಟಕ್ಕೇ ಊರು ಒಳ್ಳೆಯದಾಯಿತು ಅನ್ನೋಕಾಗುತ್ತಾ? ಸಣ್ಣ ಊರಿನದನ್ನು ಹತ್ತಾರು ವರ್ಷ ಕೂಡಿಸಿ ನೋಡಬೇಕು. ಆರೋಗ್ಯ ಇಲಾಖೆಯಲ್ಲಿ ಶಿಶುಮರಣದ ಲೆಕ್ಕ ಬರೆಯುವಾಗಲೂ ನಮಗೆ ಇದೇ ತೊಡಕು.

ಹಾಗಂತ ನಿನ್ನ ಭಯ ಸುಳ್ಳಲ್ಲ. ಊರಿನ ಆರೋಗ್ಯ ನೋಡುವವರು ಕೊಲೆಯ ಲೆಕ್ಕವನ್ನೇ ಹಿಡಿಯುವುದಕ್ಕೆ ಕಾರಣ ಇದೆ. ಬೆದರಿಕೆ, ಹೊಡೆದಾಟ, ಹೆಂಡತಿಗೆ ಬಿದ್ದ ಏಟು ಠಾಣೆ ತನಕ ಬರುವುದೇ ಕಡಿಮೆ. ಹೆಣವನ್ನು ಮುಚ್ಚಿಡುವುದು ಕಷ್ಟ. ಆದರೂ ಆ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ. ನಮ್ಮಲ್ಲಿ 108 ಆಂಬುಲೆನ್ಸ್ ಶುರುವಾಗಿದ್ದು 2008ರಲ್ಲಿ. ಅದಕ್ಕೂ ಮುಂಚೆ ಮಚ್ಚಿನ ಏಟು ತಿಂದವನೊಬ್ಬನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಚಿಗಟೇರಿ ಆಸ್ಪತ್ರೆಗೆ ಹೊರಟಿದ್ದೆವು. ದಾರಿಯಲ್ಲೇ ಹೋಗಿಬಿಟ್ಟ. ಕೇಸು ತ್ರೀ ನಾಟ್ ಟು, ಅಂದ್ರೆ ಕೊಲೆ ಕೇಸು ಆಯಿತು. ಬದುಕಿದ್ದರೆ ತ್ರೀ ನಾಟ್ ಸೆವೆನ್, ಬರೀ ಕೊಲೆ ಯತ್ನ; ಕೊಲೆ ಲೆಕ್ಕಕ್ಕೇ ಸೇರುತ್ತಿರಲಿಲ್ಲ. ಏಟು ಅದೇ, ಸಿಟ್ಟೂ ಅದೇ ಅಲ್ವಾ?

ಅವನದೂ ಬದುವಿನ ಜಗಳವೇ. ಹೊಡೆದವನು ಒಡಹುಟ್ಟಿದವನು. ಉಳುವಾಗಲೆಲ್ಲ ನೇಗಿಲು ಒಂದು ಗೇಣು ಆಚೆ ಹೋಗುತ್ತಿತ್ತು. ಕಟ್ಟೆ ಮೇಲೆ ಕೂತ ನಮಗೆಲ್ಲ ಗೊತ್ತಿತ್ತು. ಅವರ ಮನೆ ವಿಷಯ ಅಂತ ಸುಮ್ನೆ ಇದ್ದೆವು. ಅವರ ತಾಯಿ ಆಮೇಲೆ ಇಬ್ಬರು ಮಕ್ಕಳನ್ನೂ ಕಳೆದುಕೊಂಡಂತೆಯೇ ಬದುಕಿದಳು. ಆ ಕೊರಗು ನನಗೆ ಇನ್ನೂ ಹೋಗಿಲ್ಲ. 2022ರಲ್ಲಿ ದೇಶದಲ್ಲಿ 28,522 ಕೊಲೆ ಕೇಸು. ಅದರಲ್ಲಿ 9,962ಕ್ಕೆ ಜಗಳ, ವ್ಯಾಜ್ಯವೇ ಕಾರಣ. ಕಳ್ಳಕಾಕರಿಗೆ ಹೆದರುತ್ತೇವೆ. ಪಕ್ಕದ ಹೊಲದಲ್ಲಿ ಮಾತು ನಿಂತಿದ್ದನ್ನು ಯಾರೂ ಗಮನಿಸುವುದಿಲ್ಲ.

ಮತ್ತೆ ನಿನ್ನ ಮಗಳ ವಿಷಯ. ಹೇಳೋಕೆ ಸಂಕಟ, ಆದರೂ ಹೇಳುತ್ತೇನೆ. ಜಗತ್ತಿನಲ್ಲಿ ಕೊಲೆಯಾಗುವ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಯುವುದು ಗಂಡನ, ಜೊತೆಗಾರನ ಇಲ್ಲವೇ ಮನೆಯವರ ಕೈಯಲ್ಲಿ. ವಿಶ್ವಸಂಸ್ಥೆಯ ಲೆಕ್ಕ ಇದು. ಬೆಂಗಳೂರಿನಲ್ಲೇ ಉಳಿದರೂ ಈ ಭಯಕ್ಕೆ ಉತ್ತರ ಸಿಗುವುದಿಲ್ಲ ಮಗಾ. ಅವಳು ಏನನ್ನಾದರೂ ಹೆದರದೆ ನಿನ್ನ ಹತ್ತಿರ ಹೇಳುವಂತಿರಬೇಕು. ಇದನ್ನು ನಾನು ನಿನಗೆ ಕಲಿಸಬೇಕಾಗಿಲ್ಲ, ಆದರೂ ಬರೆದೆ.

ಬಾ ಅಂತ ಒತ್ತಾಯ ಮಾಡುವ ಧೈರ್ಯ ನನಗಿಲ್ಲ. ಬರಬೇಡ ಅನ್ನೋಕೆ ಮನಸ್ಸಿಲ್ಲ. ಬರುವುದಾದರೆ, ಮೊದಲು ನಿಮ್ಮಪ್ಪನ ಹೊಲದ ಹದ್ದುಬಸ್ತಿಗೆ, ಅಂದ್ರೆ ಗಡಿ ಅಳೆದು ಗುರುತು ಮಾಡಿಸೋಕೆ, ಅರ್ಜಿ ಹಾಕು. ಅಳತೆಯ ದಿನ ನೀನೇ ಇರು, ಪಕ್ಕದ ಹೊಲದವರನ್ನೂ ಮುಂಚೆಯೇ ಕರೆ. ಕಲ್ಲು ನೆಡುವಾಗ ನಾನೂ ಬರುತ್ತೇನೆ.

ನಿನ್ನ ದೊಡ್ಡಪ್ಪ