ಒಂದು ಬೆಂಚು ಬೇಕು: ಪ್ರವಾಸೋದ್ಯಮ ಸಚಿವರಿಗೆ ತುಮಕೂರಿನ ಸೊಸೆಯೊಬ್ಬಳ ಬಹಿರಂಗ ಪತ್ರ

ಮಾನ್ಯ ಪ್ರವಾಸೋದ್ಯಮ ಸಚಿವರಿಗೆ,

ನಮಸ್ಕಾರ. ನಾನು ತುಮಕೂರಿನವಳು, ಶಿರಾ ಗೇಟ್ ಹತ್ತಿರ ನಮ್ಮ ಮನೆ. ನಿಮ್ಮ ಹತ್ತಿರ ಬರುವವರು ಏನೇನೋ ಕೇಳುತ್ತಾರೆ. ನನಗೆ ನಿವೇಶನ ಬೇಡ, ವರ್ಗಾವಣೆ ಬೇಡ, ನಿಗಮ ಮಂಡಳಿಯಂತೂ ಬೇಡವೇ ಬೇಡ. ಒಂದು ಬೆಂಚು ಬೇಕು. ನೆರಳಲ್ಲಿ ಇರಬೇಕು. ಅಷ್ಟೇ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದು ದೊಡ್ಡ ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಯಾವುದು ಅಂತ ಹೆಸರು ಹೇಳುವುದಿಲ್ಲ. ಒಬ್ಬರ ಮೇಲೆ ದೂರು ಹೇಳಿ ಮುಗಿಸುವ ವಿಷಯ ಇದಲ್ಲ. ನಾವು ಆರು ಜನ. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗ, ಏಳು ವರ್ಷದ ಮಗಳು, ಅತ್ತೆ, ಮಾವ. ಅತ್ತೆಗೆ 69, ಮಾವನಿಗೆ 74. ಅವರನ್ನು ನಾವು ಬಲವಂತ ಮಾಡಿ ಕರೆದುಕೊಂಡು ಹೋಗಲಿಲ್ಲ. 'ತಾತ ಬರದಿದ್ರೆ ನಾನೂ ಬರಲ್ಲ' ಅಂತ ಮಗಳು ಹಟ ಹಿಡಿದಳು. ಮಾವ ಹಿಂದಿನ ರಾತ್ರಿಯೇ ಶರ್ಟು ಇಸ್ತ್ರಿ ಮಾಡಿಟ್ಟುಕೊಂಡರು. ಅತ್ತೆ ಬೆಳಿಗ್ಗೆ ನಾಲ್ಕಕ್ಕೇ ಎದ್ದು ಚಿತ್ರಾನ್ನ ಕಲಸಿದರು.

ಆ ಚಿತ್ರಾನ್ನ ಗೇಟಿನಲ್ಲೇ ನಿಂತಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲವಂತೆ. ವ್ಯಾಪಾರ ಅವರದ್ದು, ಒಪ್ಪೋಣ. ಆದರೆ ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಹೊತ್ತಿಗೆ ಸರಿಯಾಗಿ ಏನಾದರೂ ಹೊಟ್ಟೆಗೆ ಬೀಳದಿದ್ದರೆ ಕೈ ನಡುಗುತ್ತದೆ, ಮೈ ಬೆವರುತ್ತದೆ. ಎರಡು ಚಪಾತಿಯ ಡಬ್ಬಿಯನ್ನಾದರೂ ಬಿಡಿ ಅಂತ ನಾನು ಕೇಳಿಕೊಂಡೆ. ಡಾಕ್ಟರ್ ಚೀಟಿ ತೋರಿಸಿ ಅಂದರು. ಚಪಾತಿಗೆ ಯಾವ ಡಾಕ್ಟರು ಚೀಟಿ ಬರೆಯುತ್ತಾರೆ ಹೇಳಿ.

ಟಿಕೆಟ್ಟಿನಲ್ಲಿ ಹಿರಿಯರಿಗೆ ಸ್ವಲ್ಪ ರಿಯಾಯಿತಿ ಸಿಕ್ಕಿತು, ಸುಳ್ಳು ಹೇಳುವುದಿಲ್ಲ. ನಿಮ್ಮ ಸರ್ಕಾರವೂ ರಿಯಾಯಿತಿ ಕೊಡುತ್ತದೆ. ಕೆಎಸ್‌ಆರ್‌ಟಿಸಿ ಬಸ್ಸಲ್ಲಿ 60 ದಾಟಿದವರಿಗೆ ನೂರಕ್ಕೆ 25 ಕಡಿಮೆ. ಅತ್ತೆಗಂತೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಲ್ಲಿ ದುಡ್ಡೇ ಇಲ್ಲ. ಆದರೆ ಬಸ್ಸಿಗೂ ಪಾರ್ಕಿಗೂ ಒಂದು ವ್ಯತ್ಯಾಸ ಇದೆ. ಬಸ್ಸಲ್ಲಿ ಸೀಟು ಇರುತ್ತದೆ. ಇಲ್ಲದಿದ್ದರೂ 'ಬನ್ನಿ ಅಜ್ಜಿ, ಕೂತ್ಕೊಳಿ' ಅಂತ ಯಾರಾದರೂ ಎದ್ದು ಕೊಡುತ್ತಾರೆ. ಪಾರ್ಕಿನಲ್ಲಿ ಎದ್ದು ಕೊಡುವುದಕ್ಕೂ ಯಾರೂ ಕೂತಿರುವುದಿಲ್ಲ!

ಮಾವ ಹೆಚ್ಎಂಟಿಯಲ್ಲಿ ಇದ್ದವರು. ನಮ್ಮೂರಲ್ಲಿ ವಾಚ್ ಕಾರ್ಖಾನೆ ಇದ್ದಾಗ ಅಲ್ಲೇ ಕೆಲಸ ಮಾಡಿ ನಿವೃತ್ತರಾದವರು. ಕಾರ್ಖಾನೆ ಮುಚ್ಚಿತು, ವಾಚು ಇನ್ನೂ ಅವರ ಕೈಯಲ್ಲಿ ಓಡುತ್ತಿದೆ. ದಿನಕ್ಕೊಮ್ಮೆ ಕೀ ಕೊಡುತ್ತಾರೆ. ಏನೇ ಆಗಲಿ ಗಂಟೆ ನೋಡಿಕೊಳ್ಳುವುದು ಅವರ ಅಭ್ಯಾಸ. ಅವತ್ತೂ ನೋಡಿಕೊಂಡರು. ಮೊದಲ ಆಟದ ಕ್ಯೂ 55 ನಿಮಿಷ. ಆಟ ಎರಡು ನಿಮಿಷಕ್ಕೆ ಸ್ವಲ್ಪ ಕಮ್ಮಿ. ಅದೂ ಅವರು ಆಡಿದ್ದಲ್ಲ, ಮೊಮ್ಮಗ ಆಡಿದ್ದು. ಇವರು ಕೆಳಗೆ ಕಂಬಿ ಹಿಡಿದು ನಿಂತಿದ್ದರು.

ಪ್ರತಿ ಆಟದ ಮುಂದೆಯೂ ಒಂದು ಬೋರ್ಡ್ ಇರುತ್ತದಲ್ಲ, ಯಾರು ಹತ್ತಬಾರದು ಅಂತ. ಹೃದಯದ ತೊಂದರೆ, ಬಿಪಿ, ಬೆನ್ನು ನೋವು, ಕುತ್ತಿಗೆ ನೋವು, ಗರ್ಭಿಣಿಯರು. ಮಾವ ಅದನ್ನು ಪೂರ್ತಿ ಓದಿ, 'ಏನಮ್ಮಾ, ಗರ್ಭಿಣಿ ಅನ್ನೋದೊಂದು ಬಿಟ್ರೆ ಮಿಕ್ಕಿದ್ದೆಲ್ಲ ನನ್ನ ನೋಡೇ ಬರೆದಂಗಿದೆ' ಅಂದರು. ನಕ್ಕೆವು. ಆ ಬೋರ್ಡು ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹತ್ತಬೇಡಿ ಅಂದಮೇಲೆ ಎಲ್ಲಿ ಕೂರಬೇಕು ಅಂತಲೂ ಒಂದು ಬೋರ್ಡು ಬೇಕಲ್ವಾ?

ನೀರಾಟದ ಕಡೆಯದ್ದು ಇನ್ನೊಂದು ಕಥೆ. ಅತ್ತೆ ಸಮುದ್ರ ನೋಡಿದ್ದು ಜೀವನದಲ್ಲಿ ಒಂದೇ ಸಲ, ಗೋಕರ್ಣದಲ್ಲಿ. ಅಲೆ ಬರುವ ಕೊಳ ನೋಡಿ ಮುಖ ಅರಳಿತು. ಸೀರೆ ಉಟ್ಟವರು ಇಳಿಯುವ ಹಾಗಿಲ್ಲ, ಅದಕ್ಕೆ ಬೇರೆ ಬಟ್ಟೆ ಹಾಕಬೇಕು. ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಅಪಾಯ, ನಿಜ. ಅತ್ತೆಯೂ ಒಪ್ಪಿದರು. 'ದಡದಲ್ಲಿ ಕೂತು ಕಾಲಾದ್ರೂ ಇಳಿಬಿಡ್ತೀನಿ' ಅಂದರು. ಕೂರುವ ಹಾಗಿರಲಿಲ್ಲ. ಆಮೇಲೆ ಅತ್ತೆ ನಮ್ಮ ಲಾಕರ್ ಆದರು. ಐದು ಜನರ ಚಪ್ಪಲಿ, ಫೋನು, ಟವೆಲ್, ಮಗಳ ಕ್ಲಿಪ್ಪು, ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಂಡು ದಡದಿಂದ ಆಚೆ ಸಿಮೆಂಟಿನ ಅಂಚಿನ ಮೇಲೆ, ಬಿಸಿಲಲ್ಲಿ ಕೂತರು. ಸುಮಾರು ಒಂದೂವರೆ ಗಂಟೆ. ಸುತ್ತ ನೋಡಿದೆ. ನಮ್ಮ ಅತ್ತೆ ಒಬ್ಬರೇ ಅಲ್ಲ. ಉದ್ದಕ್ಕೂ ಅಜ್ಜಿಯರು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಮನೆಯ ಗಂಟು.

ನನಗೆ ಹೊಟ್ಟೆ ಉರಿದದ್ದು ಅಲ್ಲಿ. ಅವರೆಲ್ಲರೂ ಟಿಕೆಟ್ ಕೊಂಡು ಒಳಗೆ ಬಂದವರು. ಆ ಟಿಕೆಟ್ ಮೇಲೆ ಜಿಎಸ್‌ಟಿ ಇದೆ. ಮೊದಲು ನೂರಕ್ಕೆ 28 ಇತ್ತು, 2018ರ ಜನವರಿಯಲ್ಲಿ 18ಕ್ಕೆ ಇಳಿಸಿದರು. ಆ 18ರಲ್ಲಿ 9 ರಾಜ್ಯದ ಪಾಲು. ಅಂದರೆ ಬಿಸಿಲಲ್ಲಿ ಚಪ್ಪಲಿ ಕಾದ ನಮ್ಮ ಅತ್ತೆ ನಿಮ್ಮ ಖಜಾನೆಗೂ ಒಂದಿಷ್ಟು ಕೊಟ್ಟಿದ್ದಾರೆ ಸಾರ್. ಅದಕ್ಕೇ ಈ ಪತ್ರ ಪಾರ್ಕಿನವರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

'ವಯಸ್ಸಾದವರಿಗೆ ಅಲ್ಲೇನು ಕೆಲಸ, ಮನೇಲಿ ಬಿಟ್ಟು ಹೋಗ್ಬೇಕಿತ್ತು' ಅಂತ ಪಕ್ಕದ ಮನೆಯವರು ಅಂದರು. ನೀವೂ ಅಂದುಕೊಳ್ಳಬಹುದು. ನಮ್ಮ ಕಡೆಯ ಜಾತ್ರೆ ನೆನಪು ಮಾಡಿಕೊಳ್ಳಿ. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದದ್ದು ಅಪ್ಪ ಅಮ್ಮ ಅಲ್ಲ, ನಮ್ಮಜ್ಜಿ. ದನಗಳ ಜಾತ್ರೆ, ವಸ್ತುಪ್ರದರ್ಶನ, ತೊಟ್ಟಿಲು, ಬತ್ತಾಸು. ನಾನು ತೊಟ್ಟಿಲು ಹತ್ತಿದರೆ ಅಜ್ಜಿ ಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಎಲೆ ಅಡಿಕೆ ಹಾಕುತ್ತಾ ಕೂರುತ್ತಿದ್ದಳು. ಬಾಯಾರಿದರೆ ಅರವಟ್ಟಿಗೆ, ಹಸಿದರೆ ಮಠದ ದಾಸೋಹ. ಯಾರೂ ಅವಳ ಚೀಲ ತಡಕಲಿಲ್ಲ, ಎದ್ದೇಳು ಅನ್ನಲಿಲ್ಲ. ಊರೂರಿಗೂ ಅರಳಿಕಟ್ಟೆ ಕಟ್ಟಿಸಿದವರು ನಮ್ಮ ಜನ. ನಡೆದು ಬಂದವರು ಕೂರಬೇಕು ಅಂತ ಕಲ್ಲು ಚಪ್ಪಡಿ ಹಾಕಿಸಿದವರು. ಕೋಟಿಗಟ್ಟಲೆ ಸುರಿದು ಕಟ್ಟಿದ ಜಾಗದಲ್ಲಿ ಒಂದು ಕಟ್ಟೆ ಇಲ್ಲ ಅಂದರೆ ಏನು ಹೇಳೋದು.

ತಮಾಷೆ ಏನು ಗೊತ್ತಾ? ಅಮೆರಿಕದ ಡಿಸ್ನಿಲ್ಯಾಂಡ್ ಅನ್ನೋ ಥೀಮ್ ಪಾರ್ಕಿನ ಯೋಚನೆಯೇ ಒಂದು ಬೆಂಚಿನ ಮೇಲೆ ಹುಟ್ಟಿದ್ದು. ವಾಲ್ಟ್ ಡಿಸ್ನಿ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿಗೆ ಕರೆದುಕೊಂಡು ಹೋಗುತ್ತಿದ್ದನಂತೆ. ಮಕ್ಕಳು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರೆ ಇವನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತಾ ಕೂತಿರುತ್ತಿದ್ದ. (ಕಡಲೆಕಾಯಿ ಬೆಳೆಯುವ ನಮ್ಮ ಪಾವಗಡದವರಿಗೆ ಈ ವಿಷಯ ಖಂಡಿತ ಹೇಳಬೇಕು.) ದೊಡ್ಡವರು, ಚಿಕ್ಕವರು ಒಟ್ಟಿಗೆ ಖುಷಿಪಡುವ ಜಾಗ ಒಂದು ಯಾಕಿಲ್ಲ ಅನ್ನಿಸಿದ್ದು ಆಗ ಅಂತ ಅವನೇ ಹೇಳಿಕೊಂಡಿದ್ದಾನೆ. 1955ರ ಜುಲೈ 17ಕ್ಕೆ ಡಿಸ್ನಿಲ್ಯಾಂಡ್ ಶುರುವಾಯಿತು. ಆ ಹಳೆ ಪಾರ್ಕಿನ ಬೆಂಚನ್ನು ಡಿಸ್ನಿಲ್ಯಾಂಡಿನಲ್ಲಿ ಪ್ರದರ್ಶನಕ್ಕೇ ಇಟ್ಟಿದ್ದಾರೆ. ಅಲ್ಲಿ ಪಾರ್ಕಿನ ಸುತ್ತ ಒಂದು ಉಗಿ ರೈಲು ಓಡುತ್ತದೆ. ಮೂರು ವರ್ಷದವರೂ ಎಂಬತ್ತು ವರ್ಷದವರೂ ಒಂದೇ ಬೋಗಿಯಲ್ಲಿ ಕೂರಬಹುದು. ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ಇನ್ನೊಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಚಿಕ್ಕ ಮಗುವಿನ ಜೊತೆ ಒಬ್ಬರು ಹೊರಗೆ ಉಳಿದರೆ, ಮೊದಲು ಹೋದವರು ಬಂದ ಮೇಲೆ ಅವರು ಮತ್ತೆ ಕ್ಯೂ ನಿಲ್ಲದೆ ಹೋಗಬಹುದು. ನಮ್ಮಲ್ಲಿ ಇದು ಇದ್ದಿದ್ದರೆ ಮಗಳನ್ನು ನಾವು ಗಂಡ ಹೆಂಡತಿ ಸರದಿಯಲ್ಲಿ ನೋಡಿಕೊಳ್ಳುತ್ತಿದ್ದೆವು. ದೊಡ್ಡ ಆಟಗಳಿಗೆ ಅವಳ ಎತ್ತರ ಸಾಲದು. ಹಾಗಾಗಿ ದಿನವಿಡೀ ಅವಳ ಹಿಂದೆ ಓಡಿದ್ದು 74 ವರ್ಷದ ಮೊಣಕಾಲು.

ಅಮೆರಿಕದ ಮಾತು ಬಿಡಿ ಅಂತೀರಾ? ಬಿಟ್ಟೆ. 1892ರಲ್ಲಿ ಶುರುವಾದ ನಮ್ಮ ಮೈಸೂರು ಮೃಗಾಲಯದಲ್ಲಿ ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಇದೆ. ಮಾವ ಅಲ್ಲಿ ಗಾಡಿಯಲ್ಲಿ ಕೂತು ಜಿರಾಫೆ ನೋಡಿ ಬಂದದ್ದನ್ನು ಈಗಲೂ ಹೇಳುತ್ತಿರುತ್ತಾರೆ. ಅದು ಸರ್ಕಾರದ್ದೇ. ನಮಗೆ ಬರುವುದಿಲ್ಲ ಅನ್ನೋ ಹಾಗಿಲ್ಲ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಅದರಲ್ಲಿ ಸಾರ್ವಜನಿಕ ಕಟ್ಟಡ ಅಂದರೆ ಬರೀ ಸರ್ಕಾರಿ ಕಚೇರಿ ಅಲ್ಲ. ಜನ ಮನರಂಜನೆಗೆ ಬರುವ ಖಾಸಗಿ ಕಟ್ಟಡವೂ ಸೇರುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಆಗಲೇ ಇದ್ದ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟದ್ದು ಐದು ವರ್ಷ. ಅದು ಮುಗಿದು ಎಷ್ಟು ಕಾಲ ಆಯಿತು ಅಂತ ನೀವೇ ಲೆಕ್ಕ ಹಾಕಿ. ನಾವು ಹೋದ ಕಡೆ ಒಂದು ಇಳಿಜಾರು ಇತ್ತು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಅನ್ನುವುದು ಲೆಕ್ಕ. ಅಲ್ಲಿದ್ದದ್ದು ಸಾಮಾನಿನ ಟ್ರಾಲಿ ತಳ್ಳಲು ಮಾಡಿದ್ದು. ಮಾವ ಅದರಲ್ಲಿ ಹಿಮ್ಮುಖವಾಗಿ, ಕಂಬಿ ಹಿಡಿದು ಇಳಿದರು. ಅವರ ಹತ್ತಿರ ಅಂಗವಿಕಲರ ಕಾರ್ಡ್ ಇಲ್ಲ. ಮೊಣಕಾಲು ಇದೆ, ಅದು ಕೆಲಸ ಮಾಡುವುದಿಲ್ಲ.

ಶೌಚಾಲಯದ ವಿಷಯ ಬರೆಯಲು ಮುಜುಗರ. ಬರೆಯದಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆ ತೆಗೆದುಕೊಂಡರೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ಶೌಚಾಲಯ ದೂರ, ನೆಲ ಒದ್ದೆ, ಹಿಡಿದುಕೊಳ್ಳಲು ಕಂಬಿ ಇಲ್ಲ. ಅದಕ್ಕೆ ಅತ್ತೆ ಮಾವ ಕಂಡುಕೊಂಡ ಪರಿಹಾರ ಏನು ಗೊತ್ತಾ? ನೀರು ಕುಡಿಯುವುದನ್ನೇ ಬಿಟ್ಟರು. ಮೇ ತಿಂಗಳ ಬಿಸಿಲಲ್ಲಿ. ನನಗೆ ಇದು ತಿಳಿದದ್ದು ವಾಪಸ್ ಬರುವಾಗ, ನೆಲಮಂಗಲ ದಾಟಿದ ಮೇಲೆ, ಮಾವ ತಲೆ ಸುತ್ತುತ್ತಿದೆ ಅಂದಾಗ. ಗಾಡಿ ನಿಲ್ಲಿಸಿ ಎಳನೀರು ಕುಡಿಸಿದೆವು. ಸುಧಾರಿಸಿಕೊಂಡರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನೀವು ಮಾಡಬಹುದಾದದ್ದು ಇದೆ. 2024-29ರ ಪ್ರವಾಸೋದ್ಯಮ ನೀತಿಯಲ್ಲಿ ಖಾಸಗಿಯವರು ಬಂಡವಾಳ ಹಾಕಲಿ ಅಂತ ಪ್ರೋತ್ಸಾಹ ಇಟ್ಟಿದ್ದೀರಿ. ಕೊಡಿ, ಬೇಡ ಅನ್ನುವುದಿಲ್ಲ. ಕೊಡುವಾಗ ಒಂದು ಷರತ್ತು ಹಾಕಿ. ಪ್ರತಿ ಆಟದ ಹತ್ತಿರ, ಆಡುವ ಮಕ್ಕಳು ಕಣ್ಣಿಗೆ ಕಾಣುವ ಹಾಗೆ, ನೆರಳಲ್ಲಿ, ಬೆನ್ನಿಗೆ ಆಸರೆ ಇರುವ ಬೆಂಚುಗಳು. ಕಣ್ಣಿಗೆ ಕಾಣುವ ಹಾಗೆ ಅನ್ನುವುದು ಮುಖ್ಯ. ಎಲ್ಲೋ ಮೂಲೆಯಲ್ಲಿ ವಿಶ್ರಾಂತಿ ಕೊಠಡಿ ಅಂತ ಫಲಕ ಹಾಕಿದರೆ ಅತ್ತೆ ಅಲ್ಲಿಗೆ ಹೋಗುವುದಿಲ್ಲ. ಅವರು ಬಂದದ್ದು ವಿಶ್ರಾಂತಿಗಲ್ಲ. ಮೊಮ್ಮಗ ಮೇಲಿನಿಂದ 'ಅಜ್ಜೀ' ಅಂತ ಕೂಗಿದಾಗ ಕೈ ಬೀಸಲು.

ಇನ್ನೊಂದು, ಜೊತೆಗಾರರ ಟಿಕೆಟ್. ಆಟ ಆಡದೆ ಸುಮ್ಮನೆ ಜೊತೆಗೆ ಬರುವವರಿಗೆ ಬೇರೆ ದರ ಇರಲಿ. ಊಟದ ಹೋಟೆಲಿಗೆ ಹೋಗಿ ಬರೀ ಕಾಫಿ ಕುಡಿದರೆ ಯಾರೂ ಊಟದ ದುಡ್ಡು ಕೇಳುವುದಿಲ್ಲ. ಸಕ್ಕರೆ ಕಾಯಿಲೆಯವರ ಡಬ್ಬಿಯನ್ನು, ಇನ್ಸುಲಿನ್ ಇಟ್ಟ ತಂಪು ಚೀಲವನ್ನು ಗೇಟಿನಲ್ಲಿ ಹಿಡಿಯಬಾರದು ಅಂತ ಒಂದು ಸಾಲು ಬರೆಸಿ. ಉಳಿದದ್ದೆಲ್ಲ ನಿಮ್ಮ ಅಧಿಕಾರಿಗಳಿಗೆ ಗೊತ್ತಿರುತ್ತದೆ. ಒಂದು ಸಲ ತಮ್ಮ ಮನೆಯ ಅಜ್ಜಿ ತಾತನನ್ನು ಕರೆದುಕೊಂಡು, ಮೊದಲೇ ಫೋನು ಮಾಡದೆ, ಕ್ಯೂನಲ್ಲಿ ನಿಂತು ನೋಡಿಬರಲಿ. ಭಾನುವಾರವೇ ಹೋಗಲಿ.

ಮಾವ ಆ ದಿನದ ಲೆಕ್ಕವನ್ನು ಹಾಲಿನ ಕಾರ್ಡಿನ ಹಿಂದೆ ಬರೆದಿಟ್ಟಿದ್ದಾರೆ. ಒಳಗೆ ಹೋದದ್ದು 11 ಗಂಟೆ 5 ನಿಮಿಷ. ಹೊರಗೆ ಬಂದದ್ದು 6 ಗಂಟೆ. ಬೆನ್ನಿಗೆ ಆಸರೆ ಇಟ್ಟು ಕೂತದ್ದು 35 ನಿಮಿಷ, ಅದೂ ಊಟ ಮಾಡುವಾಗ. ಅದರ ಕೆಳಗೆ 'ಪಾಪು ಖುಷಿಪಟ್ಟಳು' ಅಂತ ಬರೆದು ಎರಡು ಗೆರೆ ಎಳೆದಿದ್ದಾರೆ.

ದಸರಾ ರಜೆಗೆ ಮಕ್ಕಳು ಮತ್ತೆ ಅಲ್ಲಿಗೇ ಹೋಗೋಣ ಅನ್ನುತ್ತಿದ್ದಾರೆ. ಮಾವನೂ ಬರುತ್ತೇನೆ ಅಂದಿದ್ದಾರೆ. ಮಂಡಿಪೇಟೆಯಲ್ಲಿ ಒಂದು ಮಡಚುವ ಕುರ್ಚಿ ನೋಡಿಟ್ಟಿದ್ದಾರಂತೆ. ಕೊಳ್ಳುವ ಮೊದಲು, ಅದನ್ನು ಗೇಟಿನಲ್ಲಿ ಬಿಡುತ್ತಾರಾ ಅಂತ ನೀವೇ ಒಂದು ಮಾತು ಕೇಳಿ ತಿಳಿಸಿದರೆ ಉಪಕಾರ.

ಇಂತಿ ನಮಸ್ಕಾರಗಳೊಂದಿಗೆ,
ತುಮಕೂರಿನ ಒಬ್ಬ ಸೊಸೆ