ಹಳೆ ಪ್ಯಾಲೆಟ್ ಕಟ್ಟಿಗೆ ತರುವವರು ಓದಿ

ಎಲ್ಲರಿಗೂ ನಮಸ್ಕಾರ. ಹೋದ ವಾರ ಕೊಪ್ಪಳದ ನಮ್ಮ ಅಂಗಡಿಯಲ್ಲಿ ಒಂದು ಹಳೆ ಪ್ಯಾಲೆಟ್ (ಸರಕು ಇಟ್ಟು ಸಾಗಿಸುವ ಮರದ ಅಟ್ಟಣೆ) ಹಲಗೆ ಸೀಳಿದರೆ ಒಳಗೆಲ್ಲ ತೂತು, ಒಂದು ಬಿಳಿ ಹುಳು ಇನ್ನೂ ಜೀವಂತ ಇತ್ತು. ಗೆದ್ದಲು ಅಲ್ಲ ಇದು, ಮರ ಕೊರೆಯುವ ದುಂಬಿಯ ಮರಿ. ಇವು ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ಒಳಗೇ ತಿನ್ನುತ್ತಾ ಕೂತಿರುತ್ತವೆ, ಹೊರಗಿಂದ ಏನೂ ಕಾಣಲ್ಲ, ಅದಕ್ಕೇ ಕಟ್ಟಿಗೆ ಜೊತೆ ಹಡಗು ಹತ್ತಿ ದೇಶ ದಾಟುತ್ತವೆ. ಪೂರ್ವ ಏಷ್ಯಾದ ಒಂದು ಹಸಿರು ದುಂಬಿ ಹೀಗೇ ಅಮೆರಿಕಕ್ಕೆ ಹೋಗಿರಬೇಕು ಅಂತಾರೆ. 2002ರಲ್ಲಿ ಡೆಟ್ರಾಯಿಟ್ ಹತ್ತಿರ ಸಿಕ್ಕಿತು, ಆಮೇಲೆ ಆಶ್ ಅನ್ನೋ ಜಾತಿಯ ಕೋಟಿಗಟ್ಟಲೆ ಮರ ಒಣಗಿಸಿತು. ಅಲ್ಲಿ ಊರಿಂದ ಊರಿಗೆ ಹಬ್ಬಿಸಿದ್ದು ಬಹಳಷ್ಟು ಸೌದೆ ಸಾಗಿಸಿದ ಜನರೇ!

ವಿದೇಶದಿಂದ ಬಂದ ಪ್ಯಾಲೆಟ್ ಮೇಲೆ, ಹುಳು ಸಾಯಿಸೋ ಉಪಚಾರ ಆಗಿದೆ ಅಂತ ತೋರಿಸೋ ಗೋಧಿ ತೆನೆಯಂಥ ಮುದ್ರೆ ಇರಬೇಕು. ಪಕ್ಕದಲ್ಲಿ ಎಚ್‌ಟಿ (HT) ಅಂತ ಇದ್ದರೆ ಕಟ್ಟಿಗೆಯ ನಡುಭಾಗವನ್ನೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದಾರೆ ಅಂತ ಅರ್ಥ. ಎಂಬಿ (MB) ಇದ್ದರೆ ಮೀಥೈಲ್ ಬ್ರೋಮೈಡ್ ವಿಷದ ಹೊಗೆ ಕೊಟ್ಟಿದ್ದು, ಅದನ್ನು ಮಕ್ಕಳ ಆಟಿಕೆಗೆ ನಾನಂತೂ ಮುಟ್ಟಲ್ಲ. ಮುದ್ರೆ ಇದ್ದರೂ ಆಮೇಲೆ ಗೋದಾಮಿನಲ್ಲಿ ಬೇರೆ ಹುಳು ಹತ್ತಬಹುದು, ಸುಮ್ನೆ ನಂಬಬೇಡಿ.

ತೊಗಟೆ ಉಳಿದ ತುಂಡು, ತೂತಿನ ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಗಾಡಿಯಿಂದ ಇಳಿಸಲೇಬೇಡಿ. ಇಳಿಸಿಬಿಟ್ಟಿದ್ದರೆ ಬೇರೆ ಕಟ್ಟಿಗೆ ಪಕ್ಕ ಇಡದೆ ಅವತ್ತೇ ಸುಡಿ, ಸೌದೆ ಅಂತ ಕಿನ್ನಾಳಕ್ಕೋ ಗಂಗಾವತಿಗೋ ಕಳಿಸಬೇಡಿ. ಅನುಮಾನ ಇದ್ದರೆ ಮುದ್ರೆಯ ಫೋಟೊ ಇಲ್ಲೇ ಹಾಕಿ, ನೋಡೋಣ.