ಎಷ್ಟು ಹುಲ್ಲೋ ಅಷ್ಟೇ ದನ

ಮಾನ್ಯ ಸಂಪಾದಕರೇ,

ಸ್ವಿಟ್ಜರ್ಲೆಂಡಿನ ಹಳ್ಳಿಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಹಸಿರು ಇಳಿಜಾರು, ಗಂಟೆ ಕಟ್ಟಿದ ಹಸು, ಮರದ ಮನೆ ಇಷ್ಟಕ್ಕೇ ನಿಂತುಬಿಡುತ್ತವೆ. ಮಳೆ, ಹಿಮ, ಸರ್ಕಾರದ ದುಡ್ಡು ಇದ್ದರೆ ಎಲ್ಲಿಯಾದರೂ ಹೀಗೇ ಇರುತ್ತಿತ್ತು ಎಂದು ಓದಿದವರಿಗೆ ಅನ್ನಿಸುತ್ತದೆ. ವಾಲೇ ಪ್ರಾಂತ್ಯದ ಟೋರ್ಬೆಲ್ ಎಂಬ ಸಣ್ಣ ಊರಿನ ಲೆಕ್ಕ ಬೇರೆಯೇ ಹೇಳುತ್ತದೆ.

ವಿಸ್ಪ್ ಪಟ್ಟಣದಿಂದ ಜೆರ್ಮಾಟ್ ಕಡೆಗೆ ಹೋಗುವ ಕಣಿವೆಯಲ್ಲಿ, ಸುಮಾರು 1500 ಮೀಟರ್ ಎತ್ತರದ ಕಡಿದಾದ ಇಳಿಜಾರಿನ ಮೇಲೆ ಈ ಊರಿದೆ. ಉತ್ತರಕ್ಕೂ ದಕ್ಷಿಣಕ್ಕೂ ಎತ್ತರದ ಬೆಟ್ಟಗಳು ಮೋಡವನ್ನು ತಡೆಯುವುದರಿಂದ ಇದು ಆ ದೇಶದಲ್ಲೇ ಅತಿ ಒಣ ಪ್ರದೇಶ. ಊರಿನ ಕೆಳಗೆ ಕಣಿವೆಯ ತಳದ ಸ್ಟಾಲ್ಡೆನ್ ಸುತ್ತ ವರ್ಷಕ್ಕೆ 550 ಮಿ.ಮೀ. ಆಸುಪಾಸು ಮಳೆ, ಅಂದರೆ ಹೆಚ್ಚುಕಡಿಮೆ ನಮ್ಮ ಚಿತ್ರದುರ್ಗದಷ್ಟು! ಹಾಗಾಗಿ ಹುಲ್ಲಿಗೂ ನೀರು ಹಾಯಿಸಲೇಬೇಕು. ಹಿಮ ಕರಗಿದ ತೊರೆಗಳಿಂದ ಬೆಟ್ಟದ ಮಗ್ಗುಲಲ್ಲಿ ಕಾಲುವೆ ತೋಡಿ ತರುವ ಆ ನೀರಿಗೆ ಸರದಿ ಉಂಟು, ಗಂಟೆಯ ಲೆಕ್ಕ ಉಂಟು. ಯಾರ ಪಾಲು ಎಷ್ಟೆಂದು ಮರದ ಕೋಲಿನ ಮೇಲೆ ಗೀರು ಹಾಕಿ ಇಡುತ್ತಿದ್ದ ಪದ್ಧತಿ ಈ ಭಾಗದ್ದು. ಪ್ರತಿ ವಸಂತದಲ್ಲಿ ಬಿದ್ದ ಕಲ್ಲುಮಣ್ಣು ತೆಗೆಯದಿದ್ದರೆ ಕಾಲುವೆ ಉಕ್ಕಿ ಕೆಳಗಿನ ಇಳಿಜಾರೇ ಕುಸಿಯುತ್ತದೆ.

ಊರಿನ ಸುತ್ತಲಿನ ರೈ ಎಂಬ ಧಾನ್ಯದ ಹೊಲ, ತರಕಾರಿ ಹಿತ್ತಿಲು, ಕೊಯ್ದು ಒಣಗಿಸುವ ಹುಲ್ಲಿನ ಗದ್ದೆ ಎಲ್ಲ ಖಾಸಗಿ. ಗಂಡು ಹೆಣ್ಣೆನ್ನದೆ ಮಕ್ಕಳಿಗೆಲ್ಲ ಸಮಪಾಲು ಮಾಡುವುದರಿಂದ ಅವು ತುಂಡು ತುಂಡಾಗಿವೆ. ಒಂದೇ ಮನೆಯ ಬೇರೆ ಬೇರೆ ಅಂತಸ್ತಿಗೆ ಬೇರೆ ಬೇರೆ ಒಡೆಯರಿರುವುದೂ ಅಲ್ಲಿ ಮಾಮೂಲು. ಆದರೆ ಕಾಡು ಮತ್ತು ಮೇಲಿನ ಬೇಸಿಗೆ ಮೇವುಗಾವಲು ಇಡೀ ಊರಿನದು. 1483ರ ಫೆಬ್ರುವರಿ 1ರಂದು ಊರವರು ಸಹಿ ಹಾಕಿದ ಪತ್ರದ ಪ್ರಕಾರ, ಹೊರಗಿನವನು ಇಲ್ಲಿ ಜಮೀನು ಕೊಂಡರೂ ಗಾವಲಿನಲ್ಲಿ ಹಕ್ಕಿಲ್ಲ, ಮರ ಕಡಿಯುವಂತಿಲ್ಲ. ಸೇರಿಸಿಕೊಳ್ಳಬೇಕೋ ಬೇಡವೋ ಎಂಬುದನ್ನು ಊರವರೇ ತೀರ್ಮಾನಿಸಬೇಕು.

ಇನ್ನೂ ದೊಡ್ಡ ಮಾತು 1517ರ ಕಟ್ಟಳೆಯಲ್ಲಿದೆ: ಚಳಿಗಾಲದಲ್ಲಿ ಸಾಕಲಾಗುವಷ್ಟು ಹಸುಗಳನ್ನು ಮಾತ್ರ ಬೇಸಿಗೆಯಲ್ಲಿ ಗಾವಲಿಗೆ ಅಟ್ಟಬಹುದು. ಸಾಧಾರಣ ಗಾತ್ರದ ಹಸುವಿಗೆ ದಿನಕ್ಕೆ 10–12 ಕಿಲೊ ಒಣಹುಲ್ಲು ಬೇಕು. ಕೊಟ್ಟಿಗೆಯಲ್ಲೇ ಕಳೆಯುವ 200 ದಿನಕ್ಕೆ ಅದು 2 ಟನ್ ದಾಟುತ್ತದೆ. ಅಟ್ಟದಲ್ಲಿ 5 ಟನ್ ಹುಲ್ಲಿದ್ದವನಿಗೆ ಎರಡೇ ಹಸು. ಮೂರನೆಯದು ಬೇಕೆಂದರೆ ತನ್ನ ಗದ್ದೆಯ ಹುಲ್ಲನ್ನೇ ಹೆಚ್ಚಿಸಿಕೊಳ್ಳಬೇಕು. ಬೇಸಿಗೆಗೆಂದು ಹೊರಗಿನಿಂದ ದನ ತಂದು ಊರ ಗಾವಲಿಗೆ ಬಿಟ್ಟು ಶರತ್ಕಾಲದಲ್ಲಿ ಮಾರುವ ವ್ಯಾಪಾರಕ್ಕೆ ಇದರಿಂದ ಕಡಿವಾಣ ಬಿತ್ತು. ದನಗಳೆಲ್ಲ ಒಂದೇ ಹೊತ್ತಿಗೆ ಬೆಟ್ಟ ಹತ್ತಬೇಕು, ಹತ್ತಿದ ಕೂಡಲೇ ಎಣಿಕೆ. ತಪ್ಪಿದವರಿಗೆ ದಂಡ ಹಾಕುವ ಊರಿನ ಅಧಿಕಾರಿಗೆ ಅದರಲ್ಲಿ ಅರ್ಧ ಸಿಗುತ್ತಿತ್ತು. ಅವನು ಕಣ್ಣು ಮುಚ್ಚಿ ಕೂರಲು ಕಾರಣವೇ ಇರಲಿಲ್ಲ! ಅದೇ ಎಣಿಕೆ ಗಾವಲಿನ ಹಾಲಿನಿಂದ ಮಾಡಿದ ಚೀಸ್‌ನ ಪಾಲಿಗೂ ಆಧಾರ, ದಾರಿ ಸರಿಮಾಡುವ, ಹಿಮಕುಸಿತಕ್ಕೆ ಮುರಿದ ದೊಡ್ಡಿ ಕಟ್ಟುವ ಬಿಟ್ಟಿ ಕೆಲಸಕ್ಕೂ ಆಧಾರ. ಹೆಚ್ಚು ದನ ಕಳಿಸಿದವನಿಗೆ ಹೆಚ್ಚು ದುಡಿತ.

ಗಾವಲನ್ನೇ ಹಂಚಿಕೊಳ್ಳಲಿಲ್ಲವೇಕೆ? ಎತ್ತರದಲ್ಲಿ ಹುಲ್ಲು ತೆಳು, ಒಂದು ಮಗ್ಗುಲಲ್ಲಿ ಈ ವರ್ಷ ಹಿಮ ತಡವಾಗಿ ಕರಗಿದರೆ ಮುಂದಿನ ವರ್ಷ ಇನ್ನೊಂದು ಮಗ್ಗುಲು ಒಣಗುತ್ತದೆ. ಪಟ್ಟಿ ಮಾಡಿ ಹಂಚಿದರೆ ಬೇಲಿಯ ಖರ್ಚಿಗೂ ಸಾಲದು. ಸಾಮೂಹಿಕ ಆಸ್ತಿಯ ಅಧ್ಯಯನಕ್ಕೆ 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಓಸ್ಟ್ರಂ ಟೋರ್ಬೆಲನ್ನು ಉದಾಹರಣೆಯಾಗಿ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ನಮ್ಮ ಭೂಕಂದಾಯ ನಿಯಮ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಎನ್ನುತ್ತದೆ, ಅಂದರೆ ದನ ಎಣಿಸಿ ಭೂಮಿ ಬಿಡುತ್ತದೆ. ಅಲ್ಲಿ ಮೇವು ಅಳೆದು ದನ ಬಿಡುತ್ತಾರೆ. ಗೋಮಾಳ ಎಲ್ಲರದ್ದಾದ ಕಾರಣಕ್ಕೇ ಹಾಳಾಯಿತು ಎನ್ನುವವರು ಈ ವ್ಯತ್ಯಾಸವನ್ನು ನೋಡಬೇಕು.

ಲೆಕ್ಕವೆಲ್ಲ ಒಣಹುಲ್ಲಿನ ಮೇಲೆ ನಿಂತಿರುವುದರಿಂದ ಅದನ್ನು ಕೆಡಿಸಿಕೊಂಡವನ ಚಳಿಗಾಲ ಕಷ್ಟ. ತೇವ ಶೇ 20ರ ಆಸುಪಾಸಿಗಿಂತ ಹೆಚ್ಚಿರುವಾಗ ಅಟ್ಟಕ್ಕೇರಿಸಿದ ಹುಲ್ಲು ಒಳಗೊಳಗೇ ಕಾಯುತ್ತದೆ, ವಾರಗಳ ನಂತರವೂ ತಾನಾಗಿ ಹೊತ್ತಿಕೊಳ್ಳಬಹುದು. ಅದಕ್ಕೇ ಉದ್ದನೆಯ ಉಷ್ಣಮಾಪಕ ಚುಚ್ಚಿ ನೋಡುವುದು. 70 ಡಿಗ್ರಿ ದಾಟಿದರೆ ಅಗ್ನಿಶಾಮಕ ದಳವನ್ನು ಕರೆಸದೆ ರಾಶಿ ಕೆದಕುವಂತಿಲ್ಲ. ಗಾಳಿ ತಾಗಿದ ಕ್ಷಣಕ್ಕೆ ಭಗ್ಗೆಂದೀತು. ಮರದ ಮನೆಗಳು ಒತ್ತಿಕೊಂಡಿರುವ ಊರಿಗೆ ಇದಕ್ಕಿಂತ ದೊಡ್ಡ ಭಯವಿಲ್ಲ.

ಹೊಗಳಿಕೆಯಷ್ಟೇ ಸಾಲದು. ಹೊರಗಿನವರಿಗೆ ಬಾಗಿಲು ಮುಚ್ಚಿಯೇ ಈ ವ್ಯವಸ್ಥೆ ಉಳಿದದ್ದು. ಊರಲ್ಲಿ ಹುಟ್ಟಿದವರೂ ತಡವಾಗಿ ಮದುವೆಯಾದರು, ಕೆಲವರು ಮದುವೆಯೇ ಆಗಲಿಲ್ಲ, ಕೆಲವರು ಊರು ಬಿಟ್ಟರು. ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಬಂದದ್ದು 1971ರಲ್ಲಿ. (ಬೆಟ್ಟದ ಆಚೆ ಬದಿಯ ಉಂಟರ್‌ಬೇಖ್ ಊರು ಮಾತ್ರ 1957ರಲ್ಲೇ ತನ್ನ ಹೆಂಗಸರನ್ನು ಮತಗಟ್ಟೆಗೆ ಕರೆದಿತ್ತು. ಆ ಮತಗಳನ್ನು ಸರ್ಕಾರ ಮಾನ್ಯ ಮಾಡಲಿಲ್ಲ.)

ಈಗಿನ ತೊಂದರೆ ತಿರುಗುಮುರುಗು. ವಿಸ್ಪ್‌ನ ರಾಸಾಯನಿಕ ಕಾರ್ಖಾನೆ ಬಂದ ಮೇಲೆ ಈ ಭಾಗದ ಬೆಟ್ಟದೂರಿನ ಜನ ಅಲ್ಲಿ ದುಡಿದು ಉಳಿದ ಹೊತ್ತಿನಲ್ಲಿ ಹುಲ್ಲು ಕೊಯ್ಯತೊಡಗಿದರು. ದನ ಕಡಿಮೆಯಾದಂತೆ ಆಲ್ಪ್ಸ್‌ನ ಗಾವಲುಗಳಿಗೆ ಪೊದೆ, ಎಳೆ ಮರ ಏರಿಬರುತ್ತಿವೆ. ಬೇಸಿಗೆ ಗಾವಲಿಗೆ ಸ್ವಿಸ್ ಸರ್ಕಾರ ಕೊಡುವ ಸಹಾಯಧನವನ್ನು, ಒಂದು ದೊಡ್ಡ ಹಸು 100 ದಿನ ಮೇಯುವುದನ್ನು ಒಂದು ಘಟಕವೆಂದು ಹಿಡಿದು ಲೆಕ್ಕ ಹಾಕುತ್ತಾರೆ. ನಿಗದಿಗಿಂತ ಬಹಳ ಹೆಚ್ಚು ದನ ಬಿಟ್ಟರೂ ಕಡಿತ, ಬಹಳ ಕಡಿಮೆ ಬಿಟ್ಟರೂ ಕಡಿತ.

— ಓದುಗ, ತೀರ್ಥಹಳ್ಳಿ